ಓದುಗರ ಪ್ರಶ್ನೆ: ಹೂವಿದೆ, ಕಾಯಿ ನಿಲ್ಲುತ್ತಿಲ್ಲ

ಪ್ರಶ್ನೆ: ಕುಂಬಳದ ಬಳ್ಳಿ ತುಂಬ ಹೂವಿದೆ. ಆದರೆ ಹೀಚು ಹೆಬ್ಬೆರಳಿನಷ್ಟಾಗುವುದರೊಳಗೆ ಹಳದಿಗೆ ತಿರುಗಿ ಉದುರುತ್ತದೆ. ಗೊಬ್ಬರ ಸಾಲದೆ?

ಉತ್ತರ: ಗೊಬ್ಬರದ ಮಾತು ಆಮೇಲೆ. ಮೊದಲು ಉದುರಿದ ನಾಲ್ಕೈದು ಹೀಚುಗಳನ್ನು ಸೀಳಿ ನೋಡಿ. ಒಳಗೆ ಬಿಳಿ ಹುಳು ಇದ್ದರೆ ಹಣ್ಣುನೊಣದ ಕಾಟ. ಅಂಥವನ್ನು ಹೊಲದಲ್ಲಿ ಬಿಟ್ಟರೆ ಹುಳು ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ.

ಹುಳುವಿಲ್ಲದೆ ಸುಮ್ಮನೆ ಮುರುಟಿದ್ದರೆ ಪರಾಗಸ್ಪರ್ಶ ಆಗಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಕುಂಬಳದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಬುಡದಲ್ಲಿ ಪುಟ್ಟ ಹೀಚಿರುವುದೇ ಹೆಣ್ಣು. ನಸುಕಿನಲ್ಲಿ ಅರಳಿದ ಹೂ ಮಧ್ಯಾಹ್ನದೊಳಗೆ ಮುದುಡುತ್ತದೆ, ಮತ್ತೆ ಅರಳುವುದಿಲ್ಲ. ಪರಾಗ ದಪ್ಪ, ಅಂಟಂಟು, ಗಾಳಿಗೆ ಹಾರದು. ಜೇನ್ನೊಣವೇ ಹೊತ್ತು ತರಬೇಕು, ಅದೂ ಹಲವು ಸಲ. ಅರೆಬರೆ ಪರಾಗ ಬಿದ್ದರೆ ಕಾಯಿ ನಿಂತರೂ ಸೊಟ್ಟಗಾಗುತ್ತದೆ.

ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ ಬಳ್ಳಿಯ ಬಳಿ ನಿಂತು ನೋಡಿ. ಜೇನ್ನೊಣ ಕಾಣದಿದ್ದರೆ ಒಂಬತ್ತರೊಳಗೆ ಕೈಯಿಂದಲೇ ಮಾಡಿ: ಆಗತಾನೆ ಅರಳಿದ ಗಂಡು ಹೂ ಕಿತ್ತು, ದಳ ತೆಗೆದು, ಕೇಸರವನ್ನು ಹೆಣ್ಣು ಹೂವಿನ ನಡುವಿನ ಶಲಾಕಾಗ್ರದ (ಪರಾಗ ಅಂಟುವ ತುದಿ) ಎಲ್ಲ ಹಾಲೆಗಳಿಗೂ, ಅಂದರೆ ಸೀಳುಗಳಿಗೂ, ಮೆತ್ತಗೆ ಸವರಿ. ಒಂದೇ ಹಾಲೆಗೆ ಸವರಿ ಬಿಡುವುದು ಸಾಮಾನ್ಯ ತಪ್ಪು. ಒಂದು ಗಂಡು ಹೂ ಎರಡು ಮೂರು ಹೆಣ್ಣಿಗೆ ಸಾಕು. ಬೆಳಗಿನ ಹೊತ್ತು ಕೀಟನಾಶಕ ಹೊಡೆಯುವ ರೂಢಿಯಿದ್ದರೆ ಜೇನ್ನೊಣ ಏಕೆ ಬರುತ್ತಿಲ್ಲವೆಂದು ಬೇರೆ ಹುಡುಕಬೇಕಿಲ್ಲ.

ಹೀರೆಗೆ ಈ ವೇಳಾಪಟ್ಟಿ ನಡೆಯದು. ಅದು ಅರಳುವುದೇ ಸಂಜೆ.

ಪ್ರಶ್ನೆ: ಟ್ರೈಕೋಗ್ರಾಮ ಕಾರ್ಡ್ ಕಟ್ಟಿದರೂ ಕಾಯಿಕೊರಕ ಕಡಿಮೆಯಾಗಲಿಲ್ಲ. ಏಕೆ?

ಉತ್ತರ: ತಡವಾಗಿ ಕಟ್ಟಿರಬೇಕು. ಟ್ರೈಕೋಗ್ರಾಮ ಒಂದು ಪುಟ್ಟ ಕಣಜ; ಅದು ಒಳಗೆ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ್ದೇ ಕಾರ್ಡ್. ಈ ಕಣಜ ಮೊಟ್ಟೆಯಿಡುವುದು ಕಾಯಿಕೊರಕದ ಪತಂಗದ ಮೊಟ್ಟೆಯೊಳಗೆ. ಹುಳು ಹೊರಬಂದ ಮೇಲೆ ಅದಕ್ಕೆ ಏನೂ ಮಾಡಲಾಗದು. ಮೋಹಕ ಬಲೆಯಲ್ಲಿ (ವಾಸನೆಯಿಂದ ಗಂಡು ಪತಂಗವನ್ನು ಸೆಳೆದು ಹಿಡಿಯುವ ಬಲೆ) ಪತಂಗ ಬೀಳತೊಡಗಿದ ಕೂಡಲೇ ಮೊದಲ ಕಾರ್ಡ್ ಕಟ್ಟಿ. ಕಣಜದ ಆಯುಷ್ಯ ಕೆಲವೇ ದಿನ, ಆದ್ದರಿಂದ ವಾರಕ್ಕೊಮ್ಮೆ ಮತ್ತೆ ಕಟ್ಟಬೇಕು. ಕಾರ್ಡನ್ನು ಪಟ್ಟಿಗಳಾಗಿ ಕತ್ತರಿಸಿ, ಸಂಜೆ ಎಲೆಯ ಅಡಿಗೆ ಸಿಕ್ಕಿಸಿ. ಇರುವೆ ಓಡಾಡುವ ಗಿಡ ಬೇಡ, ಮೊಟ್ಟೆಗಳನ್ನೇ ಹೊತ್ತೊಯ್ಯುತ್ತವೆ. ತಂದ ಕಾರ್ಡನ್ನು ಫ್ರೀಜರಿನಲ್ಲಿಟ್ಟಿದ್ದರೆ ಹೊಲ ತಲುಪುವ ಮೊದಲೇ ಸತ್ತಿರುತ್ತವೆ.

ಪ್ರಶ್ನೆ: ಸಸ್ಯಹೇನಿನ ನಡುವೆ ಕಪ್ಪು ಮೈ, ಕಿತ್ತಳೆ ಮಚ್ಚೆಯ ಮುಳ್ಳುಮುಳ್ಳು ಹುಳುಗಳಿವೆ. ಏನು ಹೊಡೆಯಲಿ?

ಉತ್ತರ: ಏನೂ ಬೇಡ. ಬಹುಶಃ ಅವು ಗುಲಗಂಜಿ ಹುಳುವಿನ ಮರಿಗಳು. ಹೇನು ತಿನ್ನಲೆಂದೇ ಅಲ್ಲಿವೆ.