ಅಣ್ಣನ ಒಂದು ಡಬ್ಬಿ ತಮ್ಮನ ಕಡೆಗೆ

ಪ್ರಶ್ನೆ: ಮಗಳು 7ನೇ ತರಗತಿ. ಅವಳಿಗೆ ಈ ಲೆಕ್ಕ ಕೊಟ್ಟಿದ್ದರು: "ಅಣ್ಣ, ತಮ್ಮ ಇಬ್ಬರ ಹತ್ತಿರ ಇರುವ ತೊಗರಿ ಚೀಲಗಳ ಅನುಪಾತ 5:3. ಅಣ್ಣ 12 ಚೀಲ ತಮ್ಮನಿಗೆ ಕೊಟ್ಟರೆ ಇಬ್ಬರದ್ದೂ ಸಮ ಆಗುತ್ತದೆ. ಒಟ್ಟು ಚೀಲ ಎಷ್ಟು?" ಅವಳು 48 ಅಂದಳು. ನಾನು ಎಕ್ಸ್ ಹಾಕಿ ಬಿಡಿಸಿದೆ, 96 ಬಂತು. ಆದರೆ ಅವಳು ತಪ್ಪಿದ್ದು ಎಲ್ಲಿ ಅಂತ ಹೇಳೋಕೆ ನನಗೆ ಬರಲಿಲ್ಲ. ಎಕ್ಸ್ ಅಂದರೆ ಅವಳು ಪುಸ್ತಕ ಮುಚ್ಚುತ್ತಾಳೆ.
— ಒಬ್ಬ ತಂದೆ, ಶಹಾಪುರ

ಉತ್ತರ: ನಿಮ್ಮ ಮಗಳು 48 ಅಂದದ್ದು ಸುಮ್ನೆ ಅಲ್ಲ. 5ಕ್ಕೂ 3ಕ್ಕೂ 2 ಪಾಲು ವ್ಯತ್ಯಾಸ. ಆ 2 ಪಾಲು ಅಂದರೆ 12 ಚೀಲ, ಒಂದು ಪಾಲಿಗೆ 6, ಎಂಟು ಪಾಲಿಗೆ 48. ಹೀಗೇ ಮಾಡಿರುತ್ತಾಳೆ. ಭಾಗಾಕಾರ, ಗುಣಾಕಾರ ಎಲ್ಲಾ ಸರಿ ಇದೆ. ಬೈಯಬೇಡಿ.

ಮೊದಲು ಅವಳ ಉತ್ತರವನ್ನೇ ಅವಳ ಕೈಯಿಂದ ತಾಳೆ ನೋಡಿಸಿ. ಒಟ್ಟು 48 ಅಂದರೆ ಅಣ್ಣನದು 30, ತಮ್ಮನದು 18. ಅಣ್ಣ 12 ಕೊಟ್ಟ. ಈಗ ಅಣ್ಣನದು 18, ತಮ್ಮನದು 30! ಸಮ ಆಗುವ ಬದಲು ಪಾಲೇ ಅದಲುಬದಲಾಯಿತು. ಅವಳಿಗೇ ನಗು ಬರುತ್ತದೆ. ಆಮೇಲೆ ಚೌಕಳಿ ನೋಟ್‌ಬುಕ್ ತೆಗೆದು ಹೀಗೆ ಬರೆಯಲು ಹೇಳಿ:

ಅಣ್ಣ □□□□□
ತಮ್ಮ □□□

ಮೇಲಿನ ಸಾಲಿನಿಂದ ಎಷ್ಟು ಡಬ್ಬಿ ಕೆಳಗೆ ಇಳಿಸಿದರೆ ಎರಡೂ ಸಾಲು ಸಮ ಆಗುತ್ತವೆ? ಹೆಚ್ಚಿನ ಮಕ್ಕಳು ಮೊದಲು "ಎರಡು" ಅಂತಾರೆ. ಇಳಿಸಿ ನೋಡು ಅನ್ನಿ. ಮೇಲೆ ಮೂರು, ಕೆಳಗೆ ಐದು ಆಗುತ್ತದೆ. ರಬ್ಬರ್ ಹಚ್ಚಿ ಒಂದನ್ನು ವಾಪಸ್ ಮೇಲೆ ತರುತ್ತಾರೆ. ಆಗ 4, 4. ಅಂದರೆ ದಾಟಿದ್ದು ಒಂದೇ ಡಬ್ಬಿ. ಆ ಒಂದು ಡಬ್ಬಿಯಲ್ಲೇ 12 ಚೀಲ. ಎಂಟು ಡಬ್ಬಿಗೆ 96.

ಕೊಟ್ಟವನಿಗೆ ಒಂದು ಕಡಿಮೆ, ತಗೊಂಡವನಿಗೆ ಒಂದು ಜಾಸ್ತಿ. ಹಾಗಾಗಿ ಒಂದು ಡಬ್ಬಿ ಕೈ ಬದಲಾದರೆ ಇಬ್ಬರ ನಡುವಿನ ಅಂತರ ಎರಡು ಡಬ್ಬಿ ತಗ್ಗುತ್ತದೆ. ಇದನ್ನು ಬಾಯಲ್ಲಿ ಹತ್ತು ಸಲ ಹೇಳಿದರೂ ಮಕ್ಕಳಿಗೆ ನಾಟುವುದಿಲ್ಲ. ರಬ್ಬರ್ ಹಚ್ಚಿದ ಕೈಗೆ ಗೊತ್ತಾಗುತ್ತದೆ.

ನಾನು ಸೇಡಂ ಕಡೆಯ ಹಳ್ಳಿ ಶಾಲೆಗಳಲ್ಲಿ 31 ವರ್ಷ ಗಣಿತ ಹೇಳಿದವಳು. ಮೊದಲ ಏಳೆಂಟು ವರ್ಷ ನಾನೂ ಸೂತ್ರವನ್ನೇ ಬಾಯಿಪಾಠ ಮಾಡಿಸಿದೆ: ಒಟ್ಟನ್ನು ಒಟ್ಟು ಭಾಗದಿಂದ ಭಾಗಿಸು, ಅವರವರ ಭಾಗದಿಂದ ಗುಣಿಸು. ಮಕ್ಕಳು ಎಷ್ಟು ವಿಧೇಯರು ಅಂದರೆ, ಲೆಕ್ಕದಲ್ಲಿ ಒಟ್ಟು ಕೊಡದೆ ಬರೀ ವ್ಯತ್ಯಾಸ ಕೊಟ್ಟಾಗಲೂ ಅದನ್ನೇ ಒಟ್ಟು ಅಂತ ತಿಳಿದು ಭಾಗಿಸಿಬಿಡೋರು. ತಪ್ಪು ನನ್ನದೇ.

ಒಂದು ದಿನ 6ನೇ ತರಗತಿಯ ಹುಡುಗಿ ಎದ್ದು ನಿಂತು ಕೇಳಿದಳು, "ಟೀಚರ್, 5:3 ಅಂದ್ರ ಐದ್ ಚೀಲ, ಮೂರ್ ಚೀಲ ಅಂತೇನ್ರಿ?" ಇಡೀ ಕ್ಲಾಸಿನ ಗೊಂದಲ ಅದೇ ಆಗಿತ್ತು, ಬಾಯಿ ಬಿಟ್ಟವಳು ಇವಳೊಬ್ಬಳು. ಅವರ ಮನೆಯವರು ಪಾಲಿಗೆ ಹೊಲ ಮಾಡುತ್ತಿದ್ದರು. ರಾಶಿ ಆದಮೇಲೆ ಕಣದಲ್ಲಿ ಪಾಲು ಹಾಕುವುದನ್ನು ಕಣ್ಣಾರೆ ಕಂಡವಳು. "ಪಾಲಂದ್ರ ಎಷ್ಟ್ ಚೀಲ ಅಂತ ರಾಶಿ ಆಗೋಕಿಂತ ಮೊದಲು ಗೊತ್ತಿರ್ತದೇನು?" ಅಂತ ಕೇಳಿದೆ. "ಇಲ್ಲ್ರಿ, ಬೆಳಿ ಬಂದಂಗ" ಅಂದಳು. ಅವತ್ತಿನಿಂದ ನನ್ನ ಬೋರ್ಡಿನ ಮೇಲೆ ಚೌಕಕ್ಕೆ ಡಬ್ಬಿ ಅಂತಲೇ ಹೆಸರು. ಒಳಗೆ ಎಷ್ಟಿದೆ ಗೊತ್ತಿಲ್ಲ, ಆದರೆ ಎಲ್ಲಾ ಡಬ್ಬಿಯಲ್ಲೂ ಒಂದೇ ಸಮ. ನಿಮ್ಮ ಎಕ್ಸ್ ಕೂಡ ಇದೇ ಅಲ್ವಾ? ಮುಚ್ಚಳ ಹಾಕಿದ ಡಬ್ಬಿ. ನಾಲ್ಕು ದಿನ ಡಬ್ಬಿ ಬರೆದಮೇಲೆ ಅದರ ಮೇಲೆ ಎಕ್ಸ್ ಅಂತ ಬರೆಯಿಸಿ, ಅವಳು ಪುಸ್ತಕ ಮುಚ್ಚುವುದಿಲ್ಲ.

ಒಂದು ಮಾತು. ಡಬ್ಬಿಗಳು ಒಂದೇ ಅಳತೆಯವು ಇರಲಿ. ಗೆರೆ ಇಲ್ಲದ ಹಾಳೆಯಲ್ಲಿ ಮಕ್ಕಳು ಅಣ್ಣನಿಗೆ ದೊಡ್ಡ ಡಬ್ಬಿ, ತಮ್ಮನಿಗೆ ಸಣ್ಣ ಡಬ್ಬಿ ಬರೆಯುತ್ತಾರೆ. ಆಮೇಲೆ ಲೆಕ್ಕ ಹಾದಿ ತಪ್ಪುತ್ತದೆ. ಚೌಕಳಿ ನೋಟ್‌ಬುಕ್ ಅಂದದ್ದು ಅದಕ್ಕೇ.

ಪ್ರಶ್ನೆ: ಸಣ್ಣ ಅಂಕಿಗೆ ಚಿತ್ರ ಸರಿ. ನಮ್ಮ ಬಿದ್ರಿ ಲೋಹದಲ್ಲಿ ಸತು 16 ಪಾಲು, ತಾಮ್ರ 1 ಪಾಲು ಅಂತಾರೆ. ಹದಿನೇಳು ಚೌಕ ಎಳೆಯುತ್ತಾ ಕೂರಬೇಕಾ?
— ಓದುಗರು, ಬೀದರ್

ಉತ್ತರ: ಬೇಡ. ಒಂದು ಉದ್ದ ಪಟ್ಟಿ ಎಳೆದು ಮೇಲೆ 16 ಅಂತ ಬರೆಯಿರಿ, ಕೆಳಗೆ ಒಂದು ಚೌಕ. ಅಷ್ಟೇ ಸಾಕು. ಲೋಹ ಒಟ್ಟು 850 ಗ್ರಾಂ ಇದ್ದರೆ 17 ಪಾಲಿಗೆ ಹಂಚಿ: ಒಂದು ಪಾಲು 50 ಗ್ರಾಂ. ತಾಮ್ರ 50, ಸತು 800.

ಈಗ ಮಾತು ಬದಲಿಸಿ ಕೇಳಿ: "ತಾಮ್ರಕ್ಕಿಂತ ಸತು 750 ಗ್ರಾಂ ಜಾಸ್ತಿ ಇದೆ, ತಾಮ್ರ ಎಷ್ಟು?" ಸೂತ್ರ ಕಲಿತ ಮಗು 750ನ್ನು 17ರಿಂದ ಭಾಗಿಸಲು ಹೋಗಿ ಪೆನ್ಸಿಲ್ ಕಚ್ಚುತ್ತದೆ. ಪಟ್ಟಿ ಬರೆದ ಮಗುವಿಗೆ ಮೇಲಿನ ಸಾಲು ಹೊರಗೆ ಚಾಚಿರುವುದು 15 ಪಾಲು ಅಂತ ಕಾಣುತ್ತದೆ. 750ನ್ನು 15ರಿಂದ ಭಾಗಿಸಿದರೆ ಮತ್ತೆ ಅದೇ 50.

ಪ್ರಶ್ನೆ: ಇದು ಸಿಂಗಾಪುರದ ಪದ್ಧತಿ ಅಂತ ಕೇಳಿದ್ದೇನೆ. ನಮ್ಮ ಮಕ್ಕಳಿಗೆ ಯಾಕೆ? ಪರೀಕ್ಷೆಯಲ್ಲಿ ಚಿತ್ರ ಬರೆದರೆ ಅಂಕ ಸಿಗುತ್ತಾ?
— ಒಬ್ಬ ತಾಯಿ, ಕಲಬುರಗಿ

ಉತ್ತರ: ಪಟ್ಟಿ ಚಿತ್ರಕ್ಕೆ ಹೆಸರು ತಂದದ್ದು ಸಿಂಗಾಪುರವೇ. 1980ರ ದಶಕದಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗಳ ಪಠ್ಯಕ್ಕೆ ಅದನ್ನು ತಂದರು. ಆದರೆ ಪಾಲು ಹಂಚುವ ಲೆಕ್ಕ ನಮಗೆ ಹೊಸದಲ್ಲ. ನಿಮ್ಮ ಜಿಲ್ಲೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಸುಮಾರು 850ರ ಹೊತ್ತಿಗೆ, ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ಪಾಲಿಗೆ ತಕ್ಕಂತೆ ಹಂಚುವ ಲೆಕ್ಕಗಳು ಅದರಲ್ಲೂ ಇವೆ, ಶ್ಲೋಕದ ರೂಪದಲ್ಲಿ. ಶ್ಲೋಕಕ್ಕಿಂತ ಡಬ್ಬಿ ಸುಲಭ, ಅಷ್ಟೇ ನನ್ನ ವಾದ!

ಅಂಕದ ವಿಷಯಕ್ಕೆ ಬಂದರೆ, ಬರೀ ಚಿತ್ರ ಬರೆದು ಉತ್ತರ ಇಡಬೇಡಿ. ಚಿತ್ರದ ಪಕ್ಕದಲ್ಲಿ ಎರಡು ಸಾಲು ಇರಲಿ: "1 ಭಾಗ = 12 ಚೀಲ", "8 ಭಾಗ = 8 × 12 = 96 ಚೀಲ". ಉತ್ತರ ಪತ್ರಿಕೆ ನೋಡುವಾಗ ನಾನು ಹುಡುಕುತ್ತಿದ್ದದ್ದು ಆ ಮೊದಲನೇ ಸಾಲನ್ನೇ. ಚಿತ್ರವನ್ನು ಪೆನ್ಸಿಲ್‌ನಲ್ಲಿ ಬರೆಯಲಿ, ಅಳಿಸುವುದು ಇದ್ದೇ ಇರುತ್ತದೆ.