ಎರಡು ಸಲ ಇಳಿದು ಎರಡು ಸಲ ಏರಿದ ತೂಕ: ಮನಸ್ಸು ಗಟ್ಟಿ ಇಲ್ಲ ಅನ್ನೋದು ನಿಜವಾ?

ನೀವು ಕೇಳಿದ್ದು ಇಷ್ಟು: ವಯಸ್ಸು 34, ತೂಕ 84 ಕೆಜಿ. ಎರಡು ಸಲ ಡಯಟ್ ಮಾಡಿ ಇಳಿಸಿದಿರಿ, ಎರಡು ಸಲವೂ ವಾಪಸ್ ಬಂತು. ಮನೆಯಲ್ಲಿ "ನಿನಗೆ ಮನಸ್ಸೇ ಗಟ್ಟಿ ಇಲ್ಲ" ಅನ್ನುತ್ತಾರೆ. ಅದು ನಿಜವಾ, ಮೂರನೇ ಸಲ ಶುರು ಮಾಡಿ ಉಪಯೋಗ ಇದೆಯಾ, ತೂಕ ಇಳಿಸುವ ಇಂಜೆಕ್ಷನ್ ಹೇಗೆ ಅಂತ.

ನಿಜ ಅಲ್ಲ. ಮೂರನೇ ಸಲ ಖಂಡಿತ ಶುರು ಮಾಡಿ, ಆದರೆ ಮೊದಲೆರಡು ಸಲ ಮಾಡಿದ ಹಾಗೆ ಬೇಡ. ನಾನು ದಾವಣಗೆರೆಯವಳು, ವಯಸ್ಸು 45. ಎತ್ತರ ಐದಡಿ ಎರಡಿಂಚು. ಒಂದು ಕಾಲಕ್ಕೆ 83 ಕೆಜಿ ಇದ್ದೆ, ಈಗ 69. ಇದಕ್ಕೆ ಎರಡೂವರೆ ವರ್ಷ ಹಿಡಿಯಿತು. ನಾನು ಡಾಕ್ಟರ್ ಅಲ್ಲ, ಡಯಟೀಷಿಯನ್ನೂ ಅಲ್ಲ. ಆದರೆ ನಿಮ್ಮ ಪ್ರಶ್ನೆ ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ಮೊದಲು ಆ "ಮನಸ್ಸು ಗಟ್ಟಿ ಇಲ್ಲ" ಅನ್ನುವ ಮಾತು. ಅದು ನನ್ನನ್ನು ಎಂಟು ವರ್ಷ ತಿಂದಿದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ 36 ಜನ ಗಟ್ಟಿಮುಟ್ಟಾದ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದರು. ಯುದ್ಧದಲ್ಲಿ ಆಯುಧ ಹಿಡಿಯುವುದು ತಮ್ಮ ಮನಸ್ಸಾಕ್ಷಿಗೆ ಒಪ್ಪುವುದಿಲ್ಲ ಅಂತ ಸರ್ಕಾರದ ಎದುರು ನಿಂತವರು ಅವರು. ತಾವಾಗಿಯೇ ಒಪ್ಪಿ ಬಂದಿದ್ದರು. ಅವರಿಗಿಂತ ಗಟ್ಟಿ ಮನಸ್ಸು ಇನ್ನೆಲ್ಲಿ ಹುಡುಕೋಣ? ದಿನಕ್ಕೆ ಸುಮಾರು 1,600 ಕ್ಯಾಲೊರಿ ಕೊಟ್ಟರು. ದಿನ ಕಳೆದ ಹಾಗೆ ಅವರಿಗೆ ಊಟ ಬಿಟ್ಟು ಬೇರೆ ಯೋಚನೆಯೇ ಬರದಂತಾಯಿತು. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂರುತ್ತಿದ್ದರು, ತಟ್ಟೆ ನೆಕ್ಕುತ್ತಿದ್ದರು, ಸಿಡುಕುತ್ತಿದ್ದರು, ಮಂಕಾಗುತ್ತಿದ್ದರು. ಮತ್ತೆ ಹೊಟ್ಟೆ ತುಂಬ ಊಟ ಕೊಟ್ಟಾಗ ಎಷ್ಟು ತಿಂದರೂ ಹಸಿವು ಆರಲಿಲ್ಲ ಅಂದವರಿದ್ದರು.

2011ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಇನ್ನೊಂದು ವಿಷಯ ತೋರಿಸಿದರು. ಹತ್ತು ವಾರ ತೀರಾ ಕಡಿಮೆ ಆಹಾರದಲ್ಲಿ ತೂಕ ಇಳಿಸಿದವರ ರಕ್ತವನ್ನು ಒಂದು ವರ್ಷ ಬಿಟ್ಟು ಪರೀಕ್ಷಿಸಿದಾಗಲೂ ಹಸಿವು ಹೆಚ್ಚಿಸುವ ಹಾರ್ಮೋನು ಮೇಲೆಯೇ ಇತ್ತು, ಸಾಕು ಅನ್ನಿಸುವ ಹಾರ್ಮೋನು ಕೆಳಗೇ ಇತ್ತು. ಅಂದರೆ ನಮ್ಮ ಮೈ ಕಳೆದುಕೊಂಡ ತೂಕವನ್ನು ವಾಪಸ್ ಕೇಳುತ್ತಲೇ ಇರುತ್ತದೆ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟು ಕಣ್ಣೀರು ಉಳಿಯುತ್ತಿತ್ತು!

ನನ್ನ ಮೊದಲ ಪ್ರಯತ್ನ ಒಂದು ಪ್ಯಾಕೇಜ್. ದುಡ್ಡು ಕಟ್ಟಿಸಿಕೊಂಡು, ಎರಡು ಹೊತ್ತು ಪುಡಿ ಕಲಸಿದ ನೀರು, ಒಂದು ಹೊತ್ತು ಸೊಪ್ಪು ಸೌತೆಕಾಯಿ ಅಂದರು. ಮೊದಲ ವಾರವೇ ಮೂರು ಕೆಜಿ ಇಳಿಯಿತು, ಖುಷಿಯೋ ಖುಷಿ. ಆಮೇಲೆ ಗೊತ್ತಾಗಿದ್ದು, ಅದರಲ್ಲಿ ಹೆಚ್ಚಿನದು ನೀರು. ಮೈಯಲ್ಲಿ ಕೂಡಿಟ್ಟ ಸಕ್ಕರೆ ಅಂಶ ತನ್ನ ಜೊತೆ ಮೂರು ಪಟ್ಟು ನೀರು ಹಿಡಿದಿಟ್ಟಿರುತ್ತದೆ, ಅದು ಖರ್ಚಾದಾಗ ನೀರೂ ಹೋಗುತ್ತದೆ. ಎರಡು ತಿಂಗಳಲ್ಲಿ ಒಂಬತ್ತು ಕೆಜಿ ಹೋಯಿತು, ಬಾಚಣಿಗೆ ತುಂಬ ಕೂದಲೂ ಹೋಯಿತು. ಎಂಟು ತಿಂಗಳಲ್ಲಿ ಹನ್ನೊಂದು ಕೆಜಿ ವಾಪಸ್ ಬಂತು.

ಆ ಎಂಟು ತಿಂಗಳಲ್ಲಿ ನಾನು ಕದ್ದು ತಿನ್ನುವುದನ್ನು ಕಲಿತೆ. ಎಲ್ಲರೆದುರು ಒಂದೇ ರೊಟ್ಟಿ. ಆಮೇಲೆ ಪಾತ್ರೆ ಎತ್ತುವಾಗ ಕಟ್ಟೆ ಹತ್ತಿರ ನಿಂತು ಮಕ್ಕಳು ಬಿಟ್ಟ ಅನ್ನ, ತಳದಲ್ಲಿ ಉಳಿದ ಪಲ್ಯ, ಅರ್ಧ ಚಪಾತಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ಶೇಂಗಾ ಉಂಡೆಯ ಡಬ್ಬಿ. ಸ್ಟೀಲ್ ಡಬ್ಬಿಯ ಮುಚ್ಚಳ ಸದ್ದಾಗದ ಹಾಗೆ ತೆಗೆಯಬೇಕಾದರೆ ಡಬ್ಬಿಯನ್ನು ಹೊಟ್ಟೆಗೆ ಅವಚಿ ಹಿಡಿದು ಹೆಬ್ಬೆರಳಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಇದು ನನಗೆ ಕತ್ತಲಲ್ಲೂ ಬರುತ್ತಿತ್ತು. ತಿಂದಾದ ಮೇಲೆ ಅಲ್ಲೇ ನಿಂತು ಅತ್ತಿದ್ದೇನೆ. ನೀವು ಪ್ರಶ್ನೆಯಲ್ಲಿ ಇದನ್ನು ಬರೆದಿಲ್ಲ. ಆದರೆ ತುಂಬ ಜನ ಹೆಂಗಸರು ನನಗೆ ಇದನ್ನೇ ಹೇಳಿದ್ದಾರೆ, ಅದಕ್ಕೇ ಬರೆದೆ.

ನಮ್ಮ ಟೈಲರ್ ಅಕ್ಕ ರವಿಕೆಯ ಪಕ್ಕದಲ್ಲಿ ಒಳಗೆ ಬಟ್ಟೆ ಬಿಟ್ಟು ಮೂರು ಸಾಲು ಹೊಲಿಗೆ ಹಾಕಿ ಕೊಡುತ್ತಾರೆ. ಬಿಗಿಯಾದರೆ ಒಂದು ಸಾಲು ಬಿಚ್ಚಿಕೊಳ್ಳಬಹುದು. ನಾದಿನಿ ಮಗನ ಮದುವೆಗೆ ನನ್ನ ರೇಷ್ಮೆ ರವಿಕೆ ತೆಗೆದಾಗ ಮೂರನೇ ಸಾಲೂ ಬಿಚ್ಚಿ ಆಗಿತ್ತು. ಬಿಚ್ಚಿದ ಕಡೆಯೆಲ್ಲ ಸೂಜಿ ಹೋದ ಸಣ್ಣ ಸಣ್ಣ ತೂತು, ಒಳಗಿದ್ದ ಬಟ್ಟೆಯ ಬಣ್ಣ ಮಾತ್ರ ಹೊಸದರ ಹಾಗೆ. ಆ ಮದುವೆಗೆ ಹೊಟ್ಟೆನೋವು ಅಂತ ಹೇಳಿ ನಾನು ಹೋಗಲೇ ಇಲ್ಲ. ಈಗಲೂ ಆ ಸಂಕಟ ಇದೆ. ಚಿಕ್ಕಂದಿನಿಂದ ಎತ್ತಿ ಆಡಿಸಿದ ಹುಡುಗ ಅವನು.

ಬದಲಾಗಿದ್ದು ಒಂದು ರಕ್ತ ಪರೀಕ್ಷೆಯಿಂದ. ಆಫೀಸಿನಲ್ಲಿ ಕ್ಯಾಂಪ್ ಇತ್ತು, ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ, 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಶುಗರ್ ಬಾಗಿಲಲ್ಲಿ ನಿಂತಿದೆ ಅಂತ ಅರ್ಥ. ಡಾಕ್ಟರ್ ಬೈಯಲಿಲ್ಲ. ತೂಕದಲ್ಲಿ ನೂರಕ್ಕೆ ಏಳು ಭಾಗ ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ ಅಂದರು. ಇದೇ ಗುರಿ ಇಟ್ಟುಕೊಂಡು ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಶುಗರ್ ಬರುವ ಸಾಧ್ಯತೆ ಶೇ. 58ರಷ್ಟು ಕಡಿಮೆಯಾಗಿದ್ದು 2002ರಲ್ಲಿ ಪ್ರಕಟವಾಗಿದೆ. ನಮ್ಮವರ ಮೇಲೆ ನಡೆದ ಅಧ್ಯಯನದಲ್ಲಿ, ಅದು 2006ರದ್ದು, ಊಟ ಮತ್ತು ನಡಿಗೆಯಿಂದ ಶೇ. 28ರಷ್ಟು ಕಡಿಮೆಯಾಗಿತ್ತು. ನನ್ನ ಲೆಕ್ಕದಲ್ಲಿ ಏಳು ಭಾಗ ಅಂದರೆ ಬರೀ ಆರು ಕೆಜಿ! ಅಲ್ಲಿವರೆಗೆ ನನ್ನ ತಲೆಯಲ್ಲಿ ಇದ್ದದ್ದು ಇಪ್ಪತ್ತೈದು ಕೆಜಿ, ಅದೂ ಮುಂದಿನ ಮದುವೆ ಸೀಸನ್ ಒಳಗೆ.

ಆ ದಿನ ಮನೆಗೆ ಬಂದು ಅತ್ತೆಗೆ ಹೇಳಿದೆ. ನನಗೆ ಅತಿ ಕಷ್ಟವಾದ ಕೆಲಸ ಇದೇ. ಅಡುಗೆಮನೆ ಅವರದ್ದು. ಬಡಿಸುವುದೇ ಅವರ ಪ್ರೀತಿ. ನಾನು ಎರಡನೇ ಹೋಳಿಗೆ ಬೇಡ ಅಂದರೆ "ಯಾಕವ್ವಾ, ಚಲೋ ಆಗಿಲ್ಲೇನು?" ಅಂತ ಅವರ ಮುಖ ಸಣ್ಣದಾಗುತ್ತಿತ್ತು. ಆ ಮುಖ ನೋಡಲಾರದೆ ತಿನ್ನುತ್ತಿದ್ದೆ. ಅವತ್ತು ರಿಪೋರ್ಟ್ ತೋರಿಸಿದೆ, ರಾತ್ರಿ ಡಬ್ಬಿಯ ವಿಷಯವನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಾವನವರಿಗೆ ಶುಗರ್‌ನಿಂದ ಕಾಲಿನ ಎರಡು ಬೆರಳು ತೆಗೆಸಿದಾಗ ದಿನಾ ಪಟ್ಟಿ ಕಟ್ಟಿದವರು ಅವರು. ಆಮೇಲೆ "ಡಬ್ಬಿ ಸದ್ದು ನನಗ ಕೇಳ್ತಿತ್ತವ್ವ" ಅಂದರು. "ಹಸಿದಿರತಾಳ, ತಿನ್ನಲಿ ಅಂತ ಸುಮ್ನಿದ್ದೆ."

ಮಾರನೇ ತಿಂಗಳು ಅವರೇ ಎಣ್ಣೆ ಲೆಕ್ಕ ಶುರು ಮಾಡಿದರು. ನಮ್ಮದು ಐದು ಜನರ ಮನೆ. ತಿಂಗಳಿಗೆ ಆರು ಲೀಟರ್ ಎಣ್ಣೆ ಖರ್ಚಾಗುತ್ತಿತ್ತು. ಭಾಗ ಮಾಡಿ ನೋಡಿ: ಒಬ್ಬರಿಗೆ ದಿನಕ್ಕೆ 40 ಮಿಲಿ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಹಾಗಾಗಿ ದಿನಕ್ಕೆ 330ರ ಹತ್ತಿರ. ಕಣ್ಣಿಗೆ ಕಾಣದೆ ಒಳಗೆ ಹೋಗುವ ಊಟ ಅದು. ಅತ್ತೆ ಕ್ಯಾನ್‌ನಿಂದ ನೇರ ಸುರಿಯುವುದು ಬಿಟ್ಟು ಚಮಚ ಹಿಡಿದರು. ಈಗ ಮೂರೂವರೆ ಲೀಟರ್‌ನಲ್ಲಿ ತಿಂಗಳು ಹೋಗುತ್ತದೆ. ಎಣ್ಣೆಗಾಯಿ ಮಾಡುವುದು ನಿಂತಿಲ್ಲ, ವಾರಕ್ಕೆ ಎರಡು ಸಲ ಇದ್ದದ್ದು ಹದಿನೈದು ದಿನಕ್ಕೊಮ್ಮೆ ಆಗಿದೆ ಅಷ್ಟೆ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಕಡೆ ಇದೆ. "ಅನ್ನ ಬಿಡಿ, ರೊಟ್ಟಿ ತಿನ್ನಿ, ತಾನೇ ಇಳಿಯುತ್ತೆ" ಅಂತ. ನಾನು ಅನ್ನ ಬಿಟ್ಟು ನಾಲ್ಕು ರೊಟ್ಟಿ ತಿಂದು ಯಾಕೆ ಇಳಿಯುತ್ತಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದೆ. ಅಕ್ಕಿ, ಗೋಧಿ, ಜೋಳ, ರಾಗಿ ಯಾವುದಾದರೂ ನೂರು ಗ್ರಾಂಗೆ 320ರಿಂದ 360 ಕ್ಯಾಲೊರಿ. ಜೋಳದಲ್ಲಿ ನಾರು ಜಾಸ್ತಿ, ಹೊಟ್ಟೆ ತಡೆಯುತ್ತದೆ, ಅದು ನಿಜ. ಆದರೆ ನನಗೆ ಉಪಯೋಗವಾಗಿದ್ದು ರೊಟ್ಟಿ ಎರಡಕ್ಕೆ ಇಳಿಸಿ ಕಾಳಿನ ಪಲ್ಯ ಒಂದು ಬಟ್ಟಲು ಪೂರ್ತಿ ಹಾಕಿಕೊಂಡಿದ್ದು. ಹೆಸರುಕಾಳು, ಮಡಿಕೆಕಾಳು, ಜೊತೆಗೆ ಮೊಸರು. ಹೀಗೆ ಮಧ್ಯಾಹ್ನ ಉಂಡರೆ ಸಂಜೆ ಐದಕ್ಕೆ ಮಂಡಕ್ಕಿ ಮಿರ್ಚಿ ಕರೆಯುವುದು ಎಷ್ಟೋ ಕಡಿಮೆಯಾಯಿತು. ಹೊಟ್ಟೆ ಖಾಲಿ ಇಟ್ಟುಕೊಂಡು ಮಂಡಕ್ಕಿ ಅಂಗಡಿ ದಾಟುವುದು ಯಾರಿಂದಲೂ ಆಗುವ ಕೆಲಸ ಅಲ್ಲ.

ನಡೆಯೋದು ಅಂದರೆ ಹೆಂಗಸರಿಗೆ ಅಷ್ಟು ಸುಲಭ ಇಲ್ಲ. ಬೆಳಗ್ಗೆ ಐದೂವರೆಗೆ ಹೊರಟರೆ ನಾಯಿ ಕಾಟ, ಕತ್ತಲು. ಆರೂವರೆ ಆದರೆ ಡಬ್ಬಿ ಕಟ್ಟುವ ಹೊತ್ತು. ನಾನು ಪಕ್ಕದ ಮನೆಯವರನ್ನು ಜೊತೆ ಮಾಡಿಕೊಂಡು ಭಾನುವಾರ ಕುಂದವಾಡ ಕೆರೆಗೆ ಹೋಗಲು ಶುರು ಮಾಡಿದೆ. ಉಳಿದ ದಿನ ಆಫೀಸಿನಿಂದ ಬರುವಾಗ ಎರಡು ಸ್ಟಾಪ್ ಮೊದಲೇ ಇಳಿದು ನಡೆದೆ. ಒಂದು ಮಾತು ನೆನಪಿಡಿ: ಅರ್ಧ ಗಂಟೆ ನಡೆದರೆ ಖರ್ಚಾಗುವುದು 150 ಕ್ಯಾಲೊರಿ ಅಷ್ಟೇ. ತೂಕ ಇಳಿಸುವ ಕೆಲಸ ಹೆಚ್ಚಾಗಿ ಊಟದ್ದು. ನಡಿಗೆಯಿಂದ ನನಗೆ ಸಿಕ್ಕಿದ್ದು ನಿದ್ದೆ, ಮಂಡಿನೋವಿಗೆ ಆರಾಮ, ಯಾರೂ ಏನೂ ಕೇಳದ ನಲವತ್ತು ನಿಮಿಷ. ಕೆರೆ ಏರಿಯ ಮೇಲೆ ಗಾಳಿ ಮುಖಕ್ಕೆ ಹೊಡೆಯುವಾಗ ನನ್ನ ಮೈ ನನಗೆ ಮತ್ತೆ ಇಷ್ಟವಾಯಿತು. 78 ಕೆಜಿ ಇದ್ದಾಗಲೇ.

ತೂಕದ ಯಂತ್ರವನ್ನು ದಿನಾ ಹತ್ತಬೇಡಿ. ಉಪ್ಪು ಜಾಸ್ತಿಯಾದರೆ, ಮುಟ್ಟಿನ ದಿನ ಹತ್ತಿರ ಬಂದರೆ ಒಂದೂವರೆ ಕೆಜಿ ಏರುವುದುಂಟು. ಅದು ಕೊಬ್ಬಲ್ಲ. ನನ್ನದು 74ರಲ್ಲಿ ಐದು ತಿಂಗಳು ಕದಲಲಿಲ್ಲ. ಮೈ ಸಣ್ಣದಾದಾಗ ಅದಕ್ಕೆ ಬೇಕಾಗುವ ಆಹಾರವೂ ಕಡಿಮೆಯಾಗುತ್ತದೆ, ಮೊದಲು ಇಳಿಸುತ್ತಿದ್ದ ಊಟವೇ ಈಗ ಅಲ್ಲಿಗೇ ನಿಲ್ಲಿಸುತ್ತದೆ. ಆ ಐದು ತಿಂಗಳು ನಾನು ಏನನ್ನೂ ಇನ್ನಷ್ಟು ಕಡಿಮೆ ಮಾಡಲಿಲ್ಲ. 74ರಲ್ಲಿ ನಿಲ್ಲುವುದನ್ನು ಕಲಿತೆ. ಏರದೆ ನಿಲ್ಲುವುದೂ ಒಂದು ಕೆಲಸ, ಅದನ್ನು ಯಾವ ಪ್ಯಾಕೇಜೂ ಕಲಿಸಿರಲಿಲ್ಲ.

ಜನರ ಬಾಯಿ ಬಗ್ಗೆ ಹೇಳಲೇಬೇಕು. ದಪ್ಪ ಇದ್ದಾಗ "ಏನೇ ಇಷ್ಟು ಊದಿದ್ದೀಯ" ಅಂದವರೇ ಇಳಿದ ಮೇಲೆ "ಯಾಕೆ, ಶುಗರ್ ಬಂತಾ? ಮುಖದಲ್ಲಿ ಕಳೆಯೇ ಇಲ್ಲ" ಅಂದರು. ಎರಡೂ ನೋಯಿಸುತ್ತವೆ. ಇನ್ನೊಬ್ಬರ ಮೈ ಬಗ್ಗೆ ಎದುರಿಗೇ ಮಾತಾಡುವುದನ್ನು ನಾವು ಅಕ್ಕರೆ ಅಂತ ಕರೆದುಕೊಂಡು ಬಂದಿದ್ದೇವೆ, ಅದು ನಿಲ್ಲಬೇಕು. ನನ್ನ ಮಗಳಿಗೆ ಈಗ ಹದಿನಾಲ್ಕು. ಅವಳ ಎದುರು ನಾನು "ದಪ್ಪ" ಅನ್ನುವ ಮಾತನ್ನೇ ಆಡುವುದಿಲ್ಲ, ನನ್ನ ಬಗ್ಗೆ ಕೂಡ. ಮದುವೆಗಳಿಗೆ ಹೋಗುತ್ತೇನೆ. ಎಲೆ ಮುಂದೆ ಕೂತು ಹೋಳಿಗೆ ಒಂದು, ತುಪ್ಪ ಹಾಕಿಸಿಕೊಂಡು, ನಿಧಾನ ತಿನ್ನುತ್ತೇನೆ. ಅವತ್ತು ರಾತ್ರಿ ಉಪವಾಸ ಮಾಡುವುದಿಲ್ಲ. ಆ ಶಿಕ್ಷೆಯಿಂದಲೇ ಡಬ್ಬಿ ಶುರುವಾಗಿದ್ದು.

ಇಂಜೆಕ್ಷನ್ ಬಗ್ಗೆಯೂ ಕೇಳಿದ್ದೀರಿ. 2025ರಲ್ಲಿ ಮೌಂಜಾರೊ, ವೆಗೋವಿ ನಮ್ಮ ದೇಶಕ್ಕೂ ಬಂದಿವೆ. ಹಸಿವು ನಿಜಕ್ಕೂ ಕಡಿಮೆ ಮಾಡುತ್ತವೆ, ನಿಲ್ಲಿಸಿದರೆ ಹೆಚ್ಚಿನವರಿಗೆ ತೂಕ ಮತ್ತೆ ಏರುತ್ತದೆ. ಬೇಕಾದವರು ತೆಗೆದುಕೊಳ್ಳುವುದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ. ಆದರೆ ಡಾಕ್ಟರ್ ನೋಡಿ ಬರೆದುಕೊಟ್ಟರೆ ಮಾತ್ರ.

ನನಗೆ ಈಗ ಎಚ್‌ಬಿಎ1ಸಿ 5.6. ಬಿಎಂಐ ಪಟ್ಟಿಯಲ್ಲಿ ಇನ್ನೂ ದಪ್ಪದ ಸಾಲಿನಲ್ಲೇ ಇದ್ದೇನೆ, ಭಾರತೀಯರಿಗೆ ಆ ಗೆರೆ 25ಕ್ಕೇ ಶುರುವಾಗುತ್ತದೆ. ಅದರಿಂದ ನನ್ನ ನಿದ್ದೆ ಕೆಡುವುದಿಲ್ಲ. ಟೈಲರ್ ಅಕ್ಕ ರೇಷ್ಮೆ ರವಿಕೆಗೆ ಎರಡು ಸಾಲು ವಾಪಸ್ ಹಾಕಿಕೊಟ್ಟಿದ್ದಾರೆ.

ನೀವು ಶುರು ಮಾಡುವ ಮೊದಲು ಥೈರಾಯ್ಡ್ ಮತ್ತು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಮುಟ್ಟು ಸರಿಯಾಗಿ ಆಗದಿದ್ದರೆ ಅದನ್ನೂ ಡಾಕ್ಟರ್‌ಗೆ ಹೇಳಿ, ಪಿಸಿಒಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಇದ್ದರೆ ದಾರಿ ಬೇರೆ. ಕದ್ದು ತಿನ್ನುವುದು, ಆಮೇಲೆ ವಾಂತಿ ಮಾಡುವುದು, ದಿನಗಟ್ಟಲೆ ಅಳು ಇದ್ದರೆ ಮನೋವೈದ್ಯರ ಹತ್ತಿರ ಹೋಗಿ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಆಮೇಲೆ ಮನೆಯಲ್ಲಿ ಒಬ್ಬರನ್ನು ಆರಿಸಿಕೊಳ್ಳಿ. "ಮನಸ್ಸು ಗಟ್ಟಿ ಇಲ್ಲ" ಅಂದವರಲ್ಲಿ ಒಬ್ಬರೇ ಆದರೂ ಪರವಾಗಿಲ್ಲ. ರಿಪೋರ್ಟ್ ಕೈಗೆ ಕೊಟ್ಟು, ಎಷ್ಟು ಹಸಿವಾಗುತ್ತದೆ ಅಂತ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ.