ದೇವರ ಯೋಚನೆ ಒಳ್ಳೆಯದೇ ಆಗಿದ್ದರೆ ನನಗೇಕೆ ಹೀಗಾಯಿತು?

ತಂಗಿ, ಉಪವಾಸ ಪ್ರಾರ್ಥನೆ ಮಾಡಿದರೂ ಮೂರು ಸಲ ಗರ್ಭ ನಿಲ್ಲಲಿಲ್ಲ ಎಂದು ಬರೆದಿದ್ದೀರಿ. ಸಭೆಯವರೆಲ್ಲ ‘ನಿಮ್ಮ ಬಗ್ಗೆ ನನಗಿರುವ ಯೋಚನೆಗಳು ಕೇಡಿನವಲ್ಲ, ಹಿತದವು’ ಎಂದು ದೇವರು ಹೇಳುವ ಸತ್ಯವೇದದ (ಬೈಬಲಿನ) ವಚನ ಯೆರೆಮೀಯ 29:11 ಕಳಿಸುತ್ತಾರೆ, ಓದಿದರೆ ಸಿಟ್ಟು ಬರುತ್ತದೆ, ಇನ್ನು ದೇವರನ್ನು ಹೇಗೆ ನಂಬಲಿ ಎಂದು ಕೇಳಿದ್ದೀರಿ. ನಿಮ್ಮ ನೋವನ್ನು ನಾನು ಉಂಡಿಲ್ಲ. ಆದರೆ ಆ ವಚನದ ಮೇಲಿನ ಸಿಟ್ಟು ನನಗೆ ಚೆನ್ನಾಗಿ ಗೊತ್ತು.

11 ವರ್ಷದ ಹಿಂದೆ ನಮ್ಮ ಯಜಮಾನರಿಗೆ ಲಕ್ವ ಹೊಡೆಯಿತು. ಆಗ ಅವರಿಗೆ 44. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. ಚಿಕಿತ್ಸೆಗೆಂದು ಊರು ಬಿಟ್ಟು ಹುಬ್ಬಳ್ಳಿಗೆ ಬಂದೆವು. ಒಂದು ಪ್ರಾರ್ಥನಾ ಕೂಟದಲ್ಲಿ ಒಬ್ಬರು ಅವರ ತಲೆ ಮೇಲೆ ಕೈಯಿಟ್ಟು, ಎರಡು ತಿಂಗಳಲ್ಲಿ ಇವರು ಎದ್ದು ನಡೆಯುತ್ತಾರೆ, ಕರ್ತರು ನನಗೆ ತೋರಿಸಿದ್ದಾರೆ ಎಂದರು. ನಾನು ಪೂರ್ತಿ ನಂಬಿದೆ. ಹೇಗೂ ವಾಪಸ್ ಹೋಗುವವರು ಎಂದು ಬಾಡಿಗೆ ಮನೆಯಲ್ಲಿ ಟ್ರಂಕ್ ಕೂಡ ಬಿಚ್ಚಲಿಲ್ಲ. ಎರಡು ತಟ್ಟೆ, ಒಂದು ಕುಕ್ಕರ್ ಇಟ್ಟುಕೊಂಡು ಎರಡು ವರ್ಷ ಕಳೆದೆ.

ಅವರು ನಡೆಯಲಿಲ್ಲ. ಕೈಯಿಟ್ಟವರು ಮತ್ತೆ ಬರಲಿಲ್ಲ. ನನ್ನ ನಂಬಿಕೆ ಸಾಲಲಿಲ್ಲ ಎಂಬ ಮಾತು ಮಾತ್ರ ಯಾರ್ಯಾರ ಬಾಯಿಂದಲೋ ಬಂತು. ನಿಮಗೂ ಯಾರಾದರೂ ಹಾಗೆ ಹೇಳಿದ್ದರೆ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯೇಸುವಿನ ಅಪೊಸ್ತಲನಾದ ಪೌಲನು ತನ್ನ ಶರೀರದ ಶೂಲ, ಅಂದರೆ ಬಿಡದೆ ಕಾಡುತ್ತಿದ್ದ ಬಾಧೆ, ತೆಗೆಯಿರಿ ಎಂದು ಮೂರು ಸಲ ಬೇಡಿಕೊಂಡ. ಅದು ಹೋಗಲಿಲ್ಲ. ಪೌಲನಿಗೆ ನಂಬಿಕೆ ಸಾಲಲಿಲ್ಲ ಎಂದು ಯಾರೂ ಹೇಳುವುದಿಲ್ಲ, ಅಲ್ವಾ?

ಒಂದು ರಾತ್ರಿ ಸಿಟ್ಟಿನಲ್ಲೇ ಆ ವಚನದ ಹಿಂದುಮುಂದೆಲ್ಲ ಓದಿದೆ. ಅದು ಒಂದು ಪತ್ರದ ಸಾಲು. ಊರು ಬಿಡಿಸಿ ಬಾಬೆಲಿಗೆ ಸೆರೆ ಒಯ್ಯಲ್ಪಟ್ಟ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಕಳಿಸಿದ ಪತ್ರ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಸೆರೆಹೋದವರೆಲ್ಲ ವಾಪಸ್ ಬರುತ್ತಾರೆ ಎಂದು ದೇವಾಲಯದಲ್ಲಿ ಎಲ್ಲರೆದುರು ಸಾರುತ್ತಾನೆ. ಕೇಳಲು ಎಷ್ಟು ಹಿತ! ಆದರೆ ಸುಳ್ಳು. ವಾಪಸ್ ಬರಲು 70 ವರ್ಷ ಆಗಬೇಕು ಎಂದು ಯೆರೆಮೀಯ ಬರೆದ. ಅದು 10ನೇ ವಚನದಲ್ಲೇ ಇದೆ. ನಾವು ಅದನ್ನು ಬಿಟ್ಟು 11 ಮಾತ್ರ ಕಳಿಸುತ್ತೇವೆ. ಆ ಪತ್ರ ಕೇಳಿದವರಲ್ಲಿ 40 ದಾಟಿದವರಿಗೆ, ತಾವಿನ್ನು ಊರು ನೋಡುವುದಿಲ್ಲ ಎಂದು ಅಲ್ಲೇ ಗೊತ್ತಾಗಿರಬೇಕು. ಅವರಿಗೂ ಸೇರಿಸಿಯೇ ದೇವರು ಹೇಳಿದ್ದು: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ, ಈಗ ನೀವಿರುವ ಆ ಊರಿಗಾಗಿ ಪ್ರಾರ್ಥಿಸಿ.

ಓದುತ್ತಾ ತುಂಬಾ ಅತ್ತೆ. ನಾನು ಆ ಎರಡು ತಿಂಗಳನ್ನು ನಂಬಿ ಕೂತಿದ್ದೆ. ಅದು ಸುಳ್ಳಾದಾಗ ದೇವರೇ ಸುಳ್ಳು ಅನ್ನಿಸಿಬಿಟ್ಟಿತ್ತು. ಮರುದಿನ ಟ್ರಂಕ್ ಬಿಚ್ಚಿದೆ. ಬಾಗಿಲ ಪಕ್ಕ ಒಂದು ಕರಿಬೇವಿನ ಸಸಿ ನೆಟ್ಟೆ. ಆಮೇಲೆ ಹೊಲಿಗೆ ಮಷಿನ್ ತಂದೆ. ಇಂದಿಗೂ ಮನೆ ನಡೆಯುವುದು ಅದರಿಂದಲೇ.

ಸಿಟ್ಟು ಈಗಲೂ ಬರುತ್ತದೆ. ಆಗ 88ನೇ ಕೀರ್ತನೆಯನ್ನು ಜೋರಾಗಿ ಓದುತ್ತೇನೆ. ದುಃಖದ ಕೀರ್ತನೆಗಳಲ್ಲಿ ಜಾಸ್ತಿ ಪಾಲು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ಮಾತ್ರ ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಗೂ ಸತ್ಯವೇದದಲ್ಲಿ ಜಾಗ ಇದೆಯಲ್ಲ, ಅದು ನನ್ನನ್ನು ಎಷ್ಟೋ ರಾತ್ರಿ ಉಳಿಸಿದೆ. ನಿಮ್ಮ ಸಿಟ್ಟನ್ನು ಅದುಮಿಡಬೇಡಿ, ದೇವರ ಮುಂದೆಯೇ ಹೇಳಿ. ಇನ್ನೊಂದು ಆಗುತ್ತೆ ಬಿಡು ಎನ್ನುವವರಿಗಾಗಿ ಸುಮ್ನೆ ಅಳು ನುಂಗಬೇಡಿ. ಮೂರು ಸಲ ಹೀಗಾದ ಮೇಲೆ ಕಾರಣ ಹುಡುಕುವ ಪರೀಕ್ಷೆಗಳಿವೆ, ನಿಮ್ಮ ಡಾಕ್ಟರನ್ನು ಕೇಳಿ. ಅದು ಅಪನಂಬಿಕೆ ಅಲ್ಲ.

ನಿಮಗೆ ಮಗು ಆಗಿಯೇ ಆಗುತ್ತದೆ ಎಂದು ನಾನು ಹೇಳಲಾರೆ. ಹನನ್ಯನ ಕೆಲಸ ನನಗೆ ಬೇಡ. ನೀವು ಹೆಸರು ಬರೆದಿಲ್ಲ. ಇವತ್ತು ಸಂಜೆ ನಮ್ಮ ಮನೆ ಪ್ರಾರ್ಥನೆಯಲ್ಲಿ ‘ಆ ತಂಗಿ’ ಎಂದೇ ನಿಮ್ಮನ್ನು ನೆನೆಯುತ್ತೇನೆ. ಯಜಮಾನರು ಆಮೆನ್ ಅನ್ನುತ್ತಾರೆ. ಅವರಿಗೆ ಬರುವುದು ನಾಲ್ಕೇ ಮಾತು, ಅದರಲ್ಲಿ ಅದೂ ಒಂದು.